ಅಳೆಯುವ ಸಾಹೇಬರು ಬಂದ ವರ್ಷ

ಹೋದ ತಿಂಗಳು ಮತದಾನದ ದಿನ ಚುನಾವಣೆ ಸಿಬ್ಬಂದಿಗೆ ರೊಟ್ಟಿ ಮಾಡಿಕೊಡುವ ಕೆಲಸ ನಮ್ಮ ಉಳಿತಾಯ ಸಂಘದ, ಬಚತ್ ಗಟದ, ಹೆಂಗಸರಿಗೆ ಬಂದಿತ್ತು. ಸಂಜೆ ಮತ ಹಾಕುವುದು ಮುಗಿದ ಮೇಲೆ ಬುಟ್ಟಿ ಹೊತ್ತು ಶಾಲೆಯ ಪಡಸಾಲೆ ಹತ್ತುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿಯಿತು. ಅರಗು ಕರಗುವ ವಾಸನೆ. ಒಳಗೆ ಮತದ ಮಷೀನಿನ ಪೆಟ್ಟಿಗೆಗಳಿಗೆ ಮುದ್ರೆ ಒತ್ತುತ್ತಿದ್ದರು. ನನ್ನ ಕಾಲುಗಳು ಅಲ್ಲೇ ನಿಂತವು.

"ಯಾಕ ವೈನಿ, ಮುಳ್ಳ ಚುಚ್ಚಿತೇನ?" ಅಂದಳು ಹಿಂದೆ ಪಲ್ಯದ ಡಬ್ಬಿ ಹಿಡಿದು ಬರುತ್ತಿದ್ದ ಶಾಂತಾಬಾಯಿ.

"ಹೂಂ" ಅಂದೆ. ಸುಳ್ಳೇನಲ್ಲ.

ಆ ವಾಸನೆಯನ್ನು ನಾನು ಹದಿನೆಂಟು ವರ್ಷ ನನ್ನ ಗಂಡನ ಅಂಗಿಯಲ್ಲಿ ಮೂಸಿದ್ದೇನೆ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಕನ್ನಡದ ಊರು ನಮ್ಮದು, ಇಲ್ಲಿ ಆಗ ಬ್ಯಾಂಕು ಇತ್ತು. ದೊಡ್ಡ ಬ್ಯಾಂಕಿನ ಸಣ್ಣ ಶಾಖೆ, ಬಸವಣ್ಣನ ಗುಡಿಯ ಎದುರು ಎರಡು ಕೋಣೆ. ಅಲ್ಲಿ ಇದ್ದವರು ಮೂರೇ ಜನ: ಒಬ್ಬ ಮ್ಯಾನೇಜರು, ಒಬ್ಬ ಕ್ಯಾಷಿಯರ್, ಮತ್ತೆ ನನ್ನ ಗಂಡ ಗುರುಪಾದ. ಜನ ಅವರನ್ನು ಸಿಪಾಯಿ ಅನ್ನುತ್ತಿದ್ದರು, ಬ್ಯಾಂಕಿನ ಕಾಗದದಲ್ಲಿ ಮಾತ್ರ ದಿನಗೂಲಿ. ಕಸ ಹೊಡೆಯುವುದು, ನೀರು ತುಂಬುವುದು, ತಾಲೂಕಿನ ಊರು ಜತ್ತಿಗೆ ಹೋಗುವ ರೊಕ್ಕದ ಚೀಲಕ್ಕೆ ಅರಗು ಹಾಕಿ ಮುದ್ರೆ ಒತ್ತುವುದು, ಇದು ಅವರ ಕೆಲಸ.

ಹೇಳಿದ ಕೆಲಸ ಇದು. ಮಾಡುತ್ತಿದ್ದ ಕೆಲಸ ಬೇರೆಯೇ. ಮ್ಯಾನೇಜರು ನಾಗಪುರದ ಕಡೆಯವರು, ಅವರಿಗೆ ಕನ್ನಡ ಬಾರದು. ನಮ್ಮ ಮುದುಕಿಯರಿಗೆ ಸಂತೆಯ ಮರಾಠಿ ತಿಳಿಯುತ್ತದೆ, ಬ್ಯಾಂಕಿನ ಮರಾಠಿ ತಿಳಿಯುವುದಿಲ್ಲ. ನಡುವೆ ಇವರು ನಿಲ್ಲಬೇಕು. ರೊಕ್ಕ ತೆಗೆಯುವ ಚೀಟಿ ಬರೆದುಕೊಡಬೇಕು. ಎಲ್ಲಕ್ಕಿಂತ ದೊಡ್ಡದು ಹೆಬ್ಬೆಟ್ಟಿನ ಕೆಲಸ. ಹೆಬ್ಬೆಟ್ಟು ಒತ್ತಿದರೆ ಗುರುತು ಹಿಡಿಯುವ ಸಣ್ಣ ಮಷೀನು ಬಂದಿತ್ತಲ್ಲ, ಕುರಿ ಕಾಯ್ದು, ಉಣ್ಣೆ ನೂತು, ಜೋಳ ಕೊಯ್ದು ಸವೆದ ಬೆರಳನ್ನು ಅದು ಹಿಡಿಯುತ್ತಿರಲಿಲ್ಲ. ಚಳಿಗಾಲದಲ್ಲಂತೂ ಒಡೆದ ಬೆರಳು ಕಂಡರೆ ಕೆಂಪು ದೀಪ. ಇವರು ಒಂದು ಉಪಾಯ ಕಂಡುಹಿಡಿದಿದ್ದರು. ಬಿಸಿ ಚಹಾದ ಗ್ಲಾಸನ್ನು ಮುದುಕಿಯ ಕೈಗೆ ಕೊಟ್ಟು ಎಣಿಸಿ ಐವತ್ತರವರೆಗೆ ಹಿಡಿಸುವುದು, ಬೆರಳು ಮೆತ್ತಗಾದ ಮೇಲೆ ಒರೆಸಿ ಮೆಲ್ಲಗೆ ಒತ್ತಿಸುವುದು. ಹಸಿರು ದೀಪ ಬರುತ್ತಿತ್ತು. ಆ ಚಹಾ ನಮ್ಮ ಮನೆಯದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ ನನ್ನ ಮೊದಲ ಕೆಲಸ ಬ್ಯಾಂಕಿನ ಕೆಟಲಿ.

ಕೊರೊನಾ ಬಂದು ಹೋದ ಮರುವರ್ಷದ ಹಿಂಗಾರಿಯ ಮಾತು ಇದು. ಮಳೆ ಚೆನ್ನಾಗಿ ಆಗಿತ್ತು, ಕರಿ ಹೊಲದಲ್ಲಿ ಜೋಳ ಎದೆಮಟ್ಟ ಬೆಳೆದಿತ್ತು. ಕೊರೊನಾ ವರ್ಷ ಬ್ಯಾಂಕಿನ ಮುಂದೆ ರಸ್ತೆಯ ತನಕ ಸುಣ್ಣದ ವರ್ತುಲ ಹಾಕಿ ಜನರನ್ನು ನಿಲ್ಲಿಸಿದ್ದರು. ಅದು ಮುಗಿದದ್ದೇ ತಡ, ಎಲ್ಲ ಬದಲಾಯಿತು. ಹುಡುಗರು ಫೋನು ತೋರಿಸಿ ರೊಕ್ಕ ಕೊಡಲು ಕಲಿತರು. ಕಿರಾಣಿ ಅಂಗಡಿಯ ಡಬ್ಬಿ, ಇಷ್ಟು ರೊಕ್ಕ ಬಂತು ಎಂದು ಮಾತಾಡತೊಡಗಿತು. ಸಾಲ ಕೇಳಿ ಬರುವವರೂ ಕಡಿಮೆಯಾದರು. ಆಗ ಮೇಲಿನ ಆಫೀಸಿನಿಂದ ಕಾಗದ ಬಂತು. ಕಾಲ ತಿರುಗಿದೆ, ಯಾವ ಶಾಖೆ ಎಷ್ಟು ಚುರುಕಾಗಿದೆ ಎಂದು ಅಳೆಯಲು ಒಬ್ಬ ಸಾಹೇಬರು ಬಂದು ಒಂದು ವಾರ ಕೂಡುತ್ತಾರೆ ಎಂದು.

ಮ್ಯಾನೇಜರು ಇವರನ್ನು ಒಳಗೆ ಕರೆದು ಹೇಳಿದರಂತೆ, ನಮ್ಮ ಶಾಖೆಗೆ ಒಳ್ಳೆಯ ಅಂಕ ಬಿದ್ದರೆ ನಿನ್ನ ಹೆಸರನ್ನು ಕಾಯಂ ಮಾಡಲು ಬರೆದು ಕಳಿಸುತ್ತೇನೆ ಎಂದು. ಆ ಸಂಜೆ ಇವರು ಕೈಕಾಲು ತೊಳೆಯದೆ ಒಲೆಯ ಮುಂದೆ ಬಂದು ಕೂತರು.

"ಖಾಕಿ ಅಂಗಿ ಕೊಡ್ತಾರಂತ, ಹೆಸರಿನ ಪಟ್ಟಿ ಇರೂದು" ಅಂದರು.

"ಮೊದಲ ಈ ಅಂಗಿ ಬಿಚ್ಚಿ ಕೊಡ್ರಿ, ಅರಗ ಹತ್ತೇತಿ" ಅಂದೆ ನಾನು. ಇಬ್ಬರೂ ನಕ್ಕೆವು. ಹದಿನೆಂಟು ವರ್ಷದಲ್ಲಿ ಅವರು ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ.

ಇಲ್ಲಿಂದ ಮುಂದಿನದು ನನ್ನ ಬುದ್ಧಿ. ಯಾರ ಮೇಲೂ ಹಾಕುವುದಿಲ್ಲ.

ನನ್ನ ತವರು ಕರಜಗಿ. ಅಲ್ಲಿ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಹಿಂದಿನ ದಿನ ಗುರುಗಳು ನನ್ನನ್ನೂ ಇನ್ನೂ ನಾಲ್ಕು ಮಕ್ಕಳನ್ನೂ ಕರೆದು ಒಂದೊಂದು ಬೆಲ್ಲದ ಚೂರು ಕೊಟ್ಟು, "ನಾಳೆ ನೀವು ಮನ್ಯಾಗ ಇರ್ರಿ" ಅಂದರು. ನಾವು ಮಗ್ಗಿ ಹೇಳುವಾಗ ತೊದಲುವವರು, ತಡ ಮಾಡುವವರು. ಮರುದಿನ ಶಾಲೆಗೆ ಶಾಬಾಶ್ ಸಿಕ್ಕಿತು. ನನಗೆ ಬೇಸರವಾಗಿರಲಿಲ್ಲ. ಮನೆಯಲ್ಲಿ ಕೂತೇ ನಾನು ಗುರುಗಳ ಮಾನ ಉಳಿಸಿದೆ ಎಂದು ಅವ್ವನ ಮುಂದೆ ಹೇಳಿಕೊಂಡಿದ್ದೆ. ಸಾಹೇಬರು ಬರುವಾಗ ನಿಧಾನದವರು ಹಿಂದೆ ಸರಿಯಬೇಕು ಎಂಬುದು ಅಂದೇ ನನ್ನ ತಲೆಯಲ್ಲಿ ಕೂತಿತ್ತು.

ಮೇಲಾಗಿ ಕೊರೊನಾಕ್ಕಿಂತ ಮೊದಲು ಬಂದಿದ್ದ ಒಬ್ಬ ದೊಡ್ಡ ಸಾಹೇಬರು ಬ್ಯಾಂಕಿನ ಕಟ್ಟೆಯ ತುಂಬ ಕೂತ ಮುದುಕಿಯರನ್ನು ನೋಡಿ, ಇದು ಬ್ಯಾಂಕೋ ಬಜಾರೋ ಎಂದು ಮ್ಯಾನೇಜರಿಗೆ ಎಲ್ಲರೆದುರು ಬೈದದ್ದನ್ನು ಊರೆಲ್ಲ ನೋಡಿತ್ತು.

ಬಚತ್ ಗಟದ ಬೈಠಕ್ಕಿನಲ್ಲಿ ನಾನು ಮಾತೆತ್ತಿದೆ. "ಹೆಬ್ಬೆಟ್ಟಿನವರು ಯಾರೂ ಆ ವಾರ ಬ್ಯಾಂಕಿಗೆ ಬರಬ್ಯಾಡ್ರಿ. ನಿಮ್ಮ ಮನ್ಯಾಗ ಅತ್ತಿ ಮಾವ ಇದ್ದರ ಅವರನ್ನೂ ಹಿಡೀರಿ. ಚುರುಕ ಇದ್ದವರು ಬರ್ಲಿ, ಲಗೂನ ಕೆಲಸ ಮುಗಿಸ್ಕೊಂಡು ಹೋಗ್ಲಿ. ಸಾಹೇಬ ಗಡಿಯಾರ ನೋಡ್ತಾನ."

"ಗುರುಪಾದಪ್ಪನ ಸಲುವಾಗಿ ಇಷ್ಟೂ ಮಾಡದಿದ್ದರ ಹ್ಯಾಂಗ" ಅಂದಳು ಶಾಂತಾಬಾಯಿ. "ನಮ್ಮ ಮಾವಗ ನಾ ಚಪ್ಪಲಿ ಮುಚ್ಚಿಟ್ಟೇನು, ಹೊರಗ ಬೀಳೂದಿಲ್ಲ."

"ನಿನ್ನ ಮಾವ ಬರಿಗಾಲಾಗ ಓಡ್ಯಾನು, ಅವನ ಕಾಲ ಕಟ್ಟಿಹಾಕು" ಅಂದಳು ಇನ್ನೊಬ್ಬಳು. ಮನೆಮನೆಗೆ ಮಾತು ಹೋಯಿತು. ನನ್ನ ಗಂಡನಿಗೆ ಹೇಳಬೇಡಿ ಎಂದೆ. ಅವರು ಕಾಯದೆಯ ಮನುಷ್ಯ, ಗೊತ್ತಾದರೆ ತಾವೇ ಹೋಗಿ ಎಲ್ಲರನ್ನೂ ಕರೆತರುವವರು. ಅಲ್ಲದೆ, ಅಂಗಿ ಬಂದ ದಿನ ಹೇಳಿ ನಗಿಸಬೇಕು ಎಂದುಕೊಂಡಿದ್ದೆ.

ಸಾಹೇಬರು ಬರುವ ಸೋಮವಾರ ಒಪ್ಪತ್ತು ಮಾಡಿ, ಬಸವಣ್ಣನಿಗೆ ಬಿಲ್ವ ಏರಿಸಿ ಬೇಡಿಕೊಂಡೆ. ಈ ಐದು ದಿನ ಬ್ಯಾಂಕಿನ ಮೆಟ್ಟಿಲು ಒಬ್ಬ ಮುದುಕಿಯೂ ಹತ್ತದಂತೆ ನೋಡಿಕೋ ತಂದೆ ಎಂದು. ಎಷ್ಟೋ ಬೇಡಿದ್ದೇನೆ ಜೀವಮಾನದಲ್ಲಿ, ಅರ್ಧ ಸಿಕ್ಕಿದೆ, ಕಾಲು ಸಿಕ್ಕಿದೆ. ಅದೊಂದನ್ನು ಮಾತ್ರ ದೇವರು ಬೇಡಿದಷ್ಟೂ ಕೊಟ್ಟ.

ಒಬ್ಬಳಷ್ಟೇ ಬಂದಳು. ಕುರುಬರ ಮಾಯವ್ವ. ಮಗ ಸೊಸೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗಿದ್ದರು, ಅವಳಿಗೆ ಸುದ್ದಿ ಹೇಳುವವರೇ ಇರಲಿಲ್ಲ. ಗುಡಿಯ ಬಾಗಿಲಲ್ಲಿ ನಾನೇ ತಡೆದೆ.

"ಆಯಿ, ಈ ವಾರ ಬ್ಯಾಡ. ಸಾಹೇಬ ಬಂದಾನ. ನಿನ್ನ ಬೆರಳ ಹಿಡಿಯೂದಿಲ್ಲ, ಇವರ ಮಾನ ಹೊಕ್ಕೇತಿ."

ಅವಳು ತನ್ನ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇದರಿಂದ ಅವಗ ತ್ರಾಸ ಆಕ್ಕೈತೇನ? ಹಂಗಾರ ನಾ ಯಾಕ ಬರ್ಲಿ? ನಮ್ಮ ತಮ್ಮ ಅಂವ." ಮೇಲೇರಿದ ಬಿಸಿಲಿಗೆ ಕೈ ಅಡ್ಡ ಹಿಡಿದು, "ಸಾಹೇಬ ಹ್ವಾದ ಕೂಡ್ಲೆ ಹೇಳವ್ವಾ ಮತ್ತ" ಅಂದಳು. ಪ್ರಸಾದದ ಬೆಲ್ಲದ ಚೂರೊಂದನ್ನು ಅವಳ ಅಂಗೈಗೆ ಹಾಕಿ ಕಳಿಸಿದೆ. ಅವತ್ತು ಕರಜಗಿಯ ಬೆಲ್ಲ ನನಗೆ ನೆನಪಾಗಲಿಲ್ಲ. ಈಗ ದಿನಾ ಆಗುತ್ತದೆ.

ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು. ಸೋಲಾಪುರದವರು, ತಾಯಿಯ ಕಡೆಯಿಂದ ಕನ್ನಡ ಬಲ್ಲವರು. ಮೂಲೆಯ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತರಂತೆ. ಊರಲ್ಲಿ ಖಾನಾವಳಿ ಇಲ್ಲ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಮೊದಲ ದಿನ ಊಟಕ್ಕೆ ಬಂದವರೇ, "ಗುರುಪಾದಪ್ಪಾ, ಊರಾಗ ಯಾರಾರ ತೀರಿಕೊಂಡಾರೇನು? ಒಂದು ನರಪಿಳ್ಳಿ ಇಲ್ಲ" ಎಂದು ಕೇಳಿದರು.

"ಇಲ್ರಿ ಸಾಹೇಬ್ರ. ನಾಳೆ ಬರ್ತಾರ್ರಿ" ಅಂದರು ಇವರು.

ನಾನು ಒಳಗೆ ಸೆರಗು ಬಾಯಿಗಿಟ್ಟು ನಕ್ಕೆ. ಸಾಹೇಬರಿಗೆ ತುಪ್ಪ ಹೆಚ್ಚು ಹಾಕಿದೆ.

ನಾನು ಎಣಿಸದಿದ್ದದ್ದು ಒಂದೇ. ನಿಧಾನದವರನ್ನು ತಡೆದೆ, ಸರಿ. ಚುರುಕಿನವರು ಬರಬೇಕಲ್ಲ? ಚುರುಕಿನವರಿಗೆ ಬ್ಯಾಂಕಿನ ಬಾಗಿಲು ಬೇಕಾಗಿರಲಿಲ್ಲ. ಅವರ ಬ್ಯಾಂಕು ಅವರ ಕಿಸೆಯಲ್ಲೇ ಇತ್ತು. ಆ ಎರಡು ಕೋಣೆ ನಡೆದಿದ್ದೇ ಕಟ್ಟೆಯ ಮೇಲೆ ಕೂತು ತಡ ಮಾಡುವವರಿಂದ.

ಮಂಗಳವಾರ ಮೂವರು ಬಂದರಂತೆ, ಬುಧವಾರ ಇಬ್ಬರು. ಕ್ಯಾಷಿಯರ್ ಪೆನ್ನಿನ ಟೊಪ್ಪಿಗೆ ಬಿಚ್ಚುವುದು ಹಾಕುವುದು ಮಾಡುತ್ತ ಕೂತಿದ್ದ. ಇವರು ಹೊರಗೆ ಹೋಗಿ ರಸ್ತೆ ನೋಡಿ ಒಳಗೆ ಬರುತ್ತಿದ್ದರು. ನನ್ನ ಕೆಟಲಿ ತುಂಬಿದ್ದು ತುಂಬಿದ ಹಾಗೇ ತಿರುಗಿ ಬಂತು. ಗುರುವಾರ ಇವರು ಊಟಕ್ಕೆ ಕೂತು ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ. ಅಂಗಿಯ ಆಸೆಗೆ ಹಸಿವು ಸತ್ತಿದೆ ಎಂದುಕೊಂಡೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ಗಂಡನ ಮುಖ ಓದಲಾರದೆ ಹೋದೆ.

ಶುಕ್ರವಾರದ ಊಟಕ್ಕೆ ಸಾಹೇಬರು ಹಗುರಾಗಿ ಬಂದರು. ಕೆಲಸ ಮುಗಿದಿತ್ತು. ಇವರು ಪಕ್ಕದ ತಾಟಿಗೆ ಕೂತಿದ್ದರು. ನಾನು ರೊಟ್ಟಿ ಬಡಿಯುತ್ತ ಧೈರ್ಯ ಮಾಡಿ ಕೇಳಿದೆ, "ಏನ ಅಳದ್ರಿ ಸಾಹೇಬ್ರ ಐದು ದಿನ? ನಮಗೂ ತಿಳಿಯೂ ಹಂಗ ಹೇಳ್ರಿ."

ಅವರು ನಕ್ಕು ನನ್ನ ಕೈ ತೋರಿಸಿದರು. "ಇದನ್ನ ಅಳದ್ವಿ ನೋಡ್ರಿ ವೈನಿ. ಇಬ್ಬರು ಹೆಣ್ಣಮಕ್ಕಳಿಗೆ ಅಷ್ಟಷ್ಟ ಹಿಟ್ಟು, ಅಷ್ಟಷ್ಟ ಕಟಗಿ ಕೊಟ್ಟೀವಿ ಅನ್ರಿ. ಒಬ್ಬಾಕಿ ಇಪ್ಪತ್ತು ರೊಟ್ಟಿ ಮಾಡಿದಳು, ಒಬ್ಬಾಕಿ ಎಂಟ ಮಾಡಿದಳು. ಯಾರು ಚುರುಕ? ಬ್ಯಾಂಕಿಗೂ ಹಂಗ. ಎಷ್ಟು ಮಂದಿ ಕೆಲಸದವರು, ಎಷ್ಟು ಬಾಡಿಗಿ, ಎಷ್ಟು ಕರೆಂಟು, ಅದು ಹಿಟ್ಟು. ಎಷ್ಟು ಮಂದಿ ಬಂದರು, ಎಷ್ಟು ಚೀಟಿ ಆದವು, ಅದು ರೊಟ್ಟಿ."

ನನ್ನ ಕೈಯಲ್ಲಿದ್ದ ರೊಟ್ಟಿ ನಡುವೆ ಸೀಳಿತು.

"ಬಂದ ಮಂದಿ... ಹೆಚ್ಚಿಗಿ ಇರಬೇಕೇನ್ರಿ?"

"ಮತ್ತ? ಮಂದಿ ಇಲ್ಲದ ಬ್ಯಾಂಕ್ ಯಾಕ ಬೇಕ್ರಿ?"

ಸೀಳಿದ ರೊಟ್ಟಿಯನ್ನು ಮತ್ತೆ ಹಿಟ್ಟಿಗೆ ಮೆತ್ತಿ ನಾದಿದೆ. ಏನಾದರೂ ಹೇಳಬೇಕಿತ್ತು. "ಒಬ್ಬಾಕಿಗೆ ಹೊಸಾ ಹಿಟ್ಟು, ಒಬ್ಬಾಕಿಗೆ ಹಳೇ ಹಿಟ್ಟು ಕೊಟ್ಟಿದ್ದರ? ಹಳೇ ಜೋಳದ ಹಿಟ್ಟಿಗೆ ಜಿಗಿ ಇರೂದಿಲ್ಲ. ಎಂಥಾ ಶಾಣ್ಯಾಕಿ ಕೈಯಾಗೂ ಹರೀತೈತಿ."

ಸಾಹೇಬರು ತುತ್ತು ಎತ್ತಿದ ಕೈ ಹಾಗೇ ಹಿಡಿದು ನನ್ನನ್ನು ನೋಡಿದರು. "ಗುರುಪಾದಪ್ಪಾ, ನಮ್ಮ ದೊಡ್ಡ ಸಾಹೇಬರಿಗೆ ತಿಳಿಯಾಕ ಎರಡು ವರ್ಷ ಬೇಕಾತು, ವೈನಿ ಒಲಿ ಮುಂದ ಕೂತು ಹೇಳಿದರು. ಅದಕ್ಕೂ ಲೆಕ್ಕ ಐತ್ರಿ. ಬರ ಬಿದ್ದಿದ್ದರ, ಕೊರೊನಾ ಇದ್ದರ, ದ್ರಾಕ್ಷಿ ದರ ಇಳದಿದ್ದರ, ಅದನ್ನೆಲ್ಲಾ ಹಿಡದು ಅಷ್ಟು ಸಡಿಲ ಬಿಟ್ಟು ಅಳೀತೀವಿ. ಆದರ ನಿಮ್ಮಲ್ಲಿ ಈ ವರ್ಷ ಮಳಿ ಚಲೋ, ಬೆಳಿ ಚಲೋ, ಬ್ಯಾನಿ ಇಲ್ಲ. ಕಾರಣ ಇಲ್ದನ ಮಂದಿ ಬರಲಿಲ್ಲ ಅಂದರ, ಅದಕ್ಕ ನನ್ನ ಹಂತ್ಯಾಕ ಕಾಲಮ್ ಇಲ್ಲ."

ಆ ಕಾರಣ ಅವರ ಎದುರಿಗೇ ಕೂತು ರೊಟ್ಟಿ ಬಡಿಯುತ್ತಿತ್ತು. ಬಾಯಿ ತೆರೆದೆ. ಪಕ್ಕದಲ್ಲಿ ಗಂಡ. ಅವರು ತಾಟಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

"ಇನ್ನ ಮೂರು ದಿವಸ ಇರ್ರಲಾ ಸಾಹೇಬ್ರ" ಎಂದಷ್ಟೇ ಬಂತು ಬಾಯಿಂದ. "ಸೋಮವಾರ ನೋಡ್ರಿ, ಕಟ್ಟಿ ತುಂಬಾ ಮಂದಿ ಇರ್ತಾರ."

"ನಿಮ್ಮ ರೊಟ್ಟಿಗೆ ಆಶಾ ಮಾಡಿ ಇರಬೇಕ್ರಿ ವೈನಿ. ಏನು ಮಾಡೂದು, ಮುಂದಿನ ಊರು ಕಾಯಾಕ ಹತ್ತೇತಿ" ಎಂದು ಕೈ ತೊಳೆದರು. ಉಪಚಾರದ ಮಾತು ಅಂದುಕೊಂಡರು. ಮೋಟಾರ್ ಸೈಕಲ್ ಮುಚ್ಚಂಡಿಯ ದಾರಿ ಹಿಡಿದು ಜೋಳದ ನಡುವೆ ಕಾಣದಾಗುವವರೆಗೆ ನಾನು ಕಟ್ಟೆಯ ಮೇಲೆ ನಿಂತಿದ್ದೆ. ಓಡಿದ್ದರೆ ಊರ ಅಗಸೆಬಾಗಿಲ ಹತ್ತಿರ ಹಿಡಿಯಬಹುದಿತ್ತು. ನಾನು ಓಡಲಿಲ್ಲ. ಊರ ಸೊಸೆ ಸೆರಗು ಬಿಟ್ಟು ಪರಗಂಡಸಿನ ಹಿಂದೆ ಓಡಬಾರದಂತೆ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಅದು ನಿಜವಾದ ಕಾರಣ ಆಗಲೊಲ್ಲದು. ಹೆದರಿದೆ, ಅಷ್ಟೇ.

ಸೋಮವಾರ ಕಟ್ಟೆ ತುಂಬಿತು. ಒಂದು ವಾರ ತಡೆದ ಜನವೆಲ್ಲ ಒಮ್ಮೆಲೇ ಬಂದಿದ್ದರು. ಚಹಾ ಸಾಲಲಿಲ್ಲ.

ಶಿವರಾತ್ರಿ ಕಳೆದು ಹೋಳಿಯ ಹೊತ್ತಿಗೆ ಬಾಗಿಲಿಗೆ ಕಾಗದ ಅಂಟಿತು, ಈ ಶಾಖೆ ಜತ್ತಿನ ಶಾಖೆಯಲ್ಲಿ ವಿಲೀನವಾಗಿದೆ ಎಂದು. ಅದನ್ನು ಅಂಟಿಸಿದವರೂ ನನ್ನ ಗಂಡನೇ, ಮ್ಯಾನೇಜರು ಗೋಂದಿನ ಬಾಟಲಿ ಅವರ ಕೈಗೇ ಕೊಟ್ಟಿದ್ದರು. ಅದೇ ಹೊತ್ತಿಗೆ ಮಾಯವ್ವ ಕೋಲೂರುತ್ತ ಬಂದಳು. ಬ್ಯಾಂಕು ತುಂಬಿದ ಸೋಮವಾರ ಅವಳಿಗೆ ಜ್ವರ ಬಂದಿತ್ತು, ಆಮೇಲೆ ಮಗನ ಹಟ್ಟಿಗೆ ಹೋಗಿಬಿಟ್ಟಿದ್ದಳು.

"ಸಾಹೇಬ ಹ್ವಾದನೇನವ್ವಾ?" ಎಂದು ನನ್ನನ್ನು ಕೇಳಿದಳು. "ಈಗ ಬರಲ್ಯಾ?"

ನಾನು ಅವಳ ಕೈ ಹಿಡಿದು ದೂರ ಕರೆದುಕೊಂಡು ಹೋದೆ. ಅವಳ ಮೇಲಿನ ಕರುಣೆಯಿಂದ ಅಲ್ಲ. ಇವರಿಗೆ ಕೇಳಿಸಬಾರದೆಂದು.

ಮ್ಯಾನೇಜರು ನಾಗಪುರದ ಹತ್ತಿರದ ಶಾಖೆಗೆ ಬದಲಿಯಾಗಿ ಹೋದರು, ಕ್ಯಾಷಿಯರ್ ಜತ್ತಿಗೆ. ದಿನಗೂಲಿಯವರಿಗೆ ಬದಲಿ ಇಲ್ಲ. ಇವರು ಒಂದು ತುಂಡು ಅರಗು, ಅರ್ಧ ಮೇಣದಬತ್ತಿ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದರು. ಈಗ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸ. ಹೊಟ್ಟೆಗೆ ಕಡಿಮೆ ಇಲ್ಲ, ಅದು ದೇವರ ದಯೆ. ಬೆನ್ನು ಬಾಗಿಲ್ಲ, ಕುಡಿತ ಕಲಿಯಲಿಲ್ಲ, ಅದೂ ದಯೆ. ಆದರೆ ಊರವರ ಜೊತೆ ಮಾತು ಬಿಟ್ಟರು.

"ಹದಿನೆಂಟು ವರ್ಷ ಇವರ ಹೆಬ್ಬೆಟ್ಟ ಹಿಡದೀನಿ" ಅನ್ನುತ್ತಿದ್ದರು. "ಐದ ದಿನ ಬಾಗಲಕ್ಕ ಬರಾಕ ಇವರಿಗೆ ಕಾಲ ಇರಲಿಲ್ಲ. ಸಾಹೇಬ ಹ್ವಾದ ಮ್ಯಾಲೆ ಹಿಂಡ ಹಿಂಡ ಬಂದರು."

"ಅವರಿಗೆ ಏನ ಗೊತ್ತರೀ" ಅನ್ನುತ್ತಿದ್ದೆ ನಾನು.

"ಅವರಿಗೆ ಎಲ್ಲಾ ಗೊತ್ತು. ನೀ ಅವರ ಪರ ಮಾತಾಡಬ್ಯಾಡ."

ಚೀಟಿ ಬರೆಸಲು ಯಾರಾದರೂ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಜತ್ತಿನಲ್ಲಿ ಮಷೀನು ಬೆರಳು ಹಿಡಿಯದೆ ಮುದುಕಿಯರು ನಾಳೆ ಬಾ ಅನ್ನಿಸಿಕೊಂಡು ತಿರುಗಿ ಬರುತ್ತಿದ್ದರು. ನಾನು ಒಂದೆರಡು ಸಲ ಮಾಯವ್ವನ ಜೊತೆ ಹೋದೆ. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು, ಅದನ್ನೂ ದಯೆಯ ಲೆಕ್ಕಕ್ಕೆ ಹಾಕಿಕೊಂಡೆ. ಬೆರಳು ಹಿಡಿಸುವ ಜಾಣತನ ನನಗೆ ಬರಲಿಲ್ಲ. ಪ್ರತಿ ಸೋಮವಾರ, ಇವತ್ತು ಹೇಳಿಬಿಡುತ್ತೇನೆ ಎಂದು ಬಸವಣ್ಣನ ಮುಂದೆ ನಿಲ್ಲುತ್ತಿದ್ದೆ. ಹೇಳದೆ ಮನೆಗೆ ಬರುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಮತದಾನದ ಸಂಜೆ ಅರಗಿನ ವಾಸನೆಗೆ ಶಾಲೆಯ ಪಡಸಾಲೆಯಲ್ಲಿ ನಿಂತೆ ಎಂದೆನಲ್ಲ, ಒಳಗೆ ಕಣ್ಣು ಹಾಯಿಸಿದರೆ ಅರಗು ಕರಗಿಸುತ್ತಿದ್ದವರು ನನ್ನ ಗಂಡನೇ. ಚುನಾವಣೆಯ ಕೆಲಸಕ್ಕೆ ಬಂದ ಹುಡುಗಿ ಮಾಸ್ತರಣಿ ಕೈ ಸುಟ್ಟುಕೊಂಡಳಂತೆ, ಅಲ್ಲೇ ನಿಂತಿದ್ದ ಇವರು ಕೊಡವ್ವಾ ಇಲ್ಲಿ ಎಂದು ತೆಗೆದುಕೊಂಡಿದ್ದರು. ಮೇಣದಬತ್ತಿಯ ಮೇಲೆ ಅರಗಿನ ಕಡ್ಡಿ ತಿರುಗಿಸುವ ಆ ಬೆರಳುಗಳನ್ನು ಎಷ್ಟೋ ವರ್ಷದ ಮೇಲೆ ನೋಡಿದೆ. ಮುಖದಲ್ಲಿ ಆ ಹಳೆಯ ಗಾಂಭೀರ್ಯ.

ಮಾಯವ್ವ ಕಡೆಯ ಹೊತ್ತಿಗೆ ಮತ ಹಾಕಿ, ನಡೆಯಲಾರದೆ ಪಡಸಾಲೆಯ ಗೋಡೆಗೆ ಆತುಕೊಂಡು ಕೂತಿದ್ದಳು. ಬಾಗಿಲಿನಿಂದ ಇವರನ್ನು ನೋಡಿ ಕೂಗಿದಳು.

"ತಮ್ಮಾ, ಮತ್ತ ಬ್ಯಾಂಕಿನ ಕೆಲಸಾ ಸಿಕ್ಕಿತೇನೋ?"

ಇವರು ಅರಗಿನ ಕಡ್ಡಿ ತಿರುಗಿಸುತ್ತಲೇ ಇದ್ದರು.

"ಸಿಗಲೇಬೇಕು" ಅಂದಳು ಅವಳು ಸುತ್ತಲಿನವರಿಗೆ, ಹೆಮ್ಮೆಯಿಂದ. "ನಾವೇನ ಕಮ್ಮಿ ಮಾಡೀವೇನು ಇವನ ಸಲುವಾಗಿ? ಆ ಅಳೆಯೂ ಸಾಹೇಬ ಬಂದಾಗ ಒಬ್ಬರೂ ಮನಿ ಬಿಟ್ಟು ಹೊರಗ ಬೀಳಲಿಲ್ಲ. ಇಡೀ ಊರು ಮಾತ ಕೇಳಿತು. ಇವನ ಹೇಣ್ತಿ ಹೇಳಿದ್ದಳಲಾ, ನಿಧಾನ ಮಂದಿ ಬಂದರ ಇವನ ಮಾನ ಹೊಕ್ಕೇತಿ ಅಂತ. ನನಗ ಬೆಲ್ಲಾ ಕೊಟ್ಟು ಕಳಿಸಿದಳು, ಕೇಳ ಬೇಕಾರ."

ಅರಗಿನ ಒಂದು ಹನಿ ಅವರ ಬೆರಳ ಮೇಲೆ ಬಿತ್ತು. ಕೈ ಹಿಂದೆ ತೆಗೆಯಲಿಲ್ಲ. ಪೆಟ್ಟಿಗೆಯ ದಾರದ ಗಂಟಿನ ಮೇಲೆ ಅರಗು ಹಾಕಿ, ಮಾಸ್ತರಣಿ ಮುದ್ರೆ ನೆಟ್ಟಗೆ ಒತ್ತುವುದನ್ನು ನೋಡಿ, ಮೇಣದಬತ್ತಿ ಊದಿದರು. ಎದ್ದು ಹೊರಗೆ ಬಂದು ನನ್ನ ಮುಂದೆ ನಿಂತರು. ನಾನು ಬುಟ್ಟಿಯನ್ನು ಇನ್ನೂ ತಲೆಯ ಮೇಲಿಂದ ಇಳಿಸಿರಲಿಲ್ಲ. ಇಳಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ನನ್ನನ್ನು ದಾಟಿ ಹೋಗಿ ಮಾಯವ್ವನ ಪಕ್ಕ ಕೂತರು.

"ಕೈ ತಾ ಆಯಿ, ನೋಡೂನು" ಅಂದರು. ಅವಳ ಹೆಬ್ಬೆಟ್ಟನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ಉಜ್ಜಿದರು.

ಅಂದಿನಿಂದ ಅವರು ಊರವರ ಜೊತೆ ಮಾತಾಡುತ್ತಾರೆ. ಕಟ್ಟೆಗೆ ಹೋಗುತ್ತಾರೆ, ಶಾಂತಾಬಾಯಿಯ ಮಾವನ ಜೊತೆ ನಗುತ್ತಾರೆ, ಕೇಳಿದವರಿಗೆ ಚೀಟಿ ಬರೆದುಕೊಡುತ್ತಾರೆ. ನನ್ನ ಜೊತೆ ಮಾತಿಲ್ಲ. ಬೈಗುಳವೂ ಇಲ್ಲ. ತಾಟು ಇಟ್ಟರೆ ಉಣ್ಣುತ್ತಾರೆ, ರೊಟ್ಟಿ ಬೇಡವೆಂದರೆ ಕೈ ಅಡ್ಡ ಹಿಡಿಯುತ್ತಾರೆ.

ನಿನ್ನೆ ಸೋಮವಾರ. ಶೆಡ್ಡಿಗೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಮಾಯವ್ವನನ್ನೂ ಇನ್ನಿಬ್ಬರು ಮುದುಕಿಯರನ್ನೂ ಕರೆದುಕೊಂಡು ಜತ್ತಿಗೆ ಹೊರಟರು. ನಾನು ಪೂಜೆ ಮುಗಿಸಿ ಕೇಳದೆಯೇ ಚಹಾ ಕಾಯಿಸಿ ಥರ್ಮಾಸಿಗೆ ತುಂಬಿ ಹೊಸ್ತಿಲ ಹತ್ತಿರ ಇಟ್ಟೆ. ಅವರು ಚಪ್ಪಲಿ ಮೆಟ್ಟಿದರು, ಅದನ್ನು ನೋಡಿದರು. ಬಸ್ಸಿನ ಹಾರನ್ ಎರಡು ಸಲ ಕೇಳಿತು. ಮೂರನೆಯ ಸಲಕ್ಕೆ ಬಗ್ಗಿ ಥರ್ಮಾಸು ಎತ್ತಿಕೊಂಡು ಹೋದರು.

ಸಂಜೆ ತಂದು ಒಲೆಯ ಹತ್ತಿರ ಇಟ್ಟರು. ಮುಚ್ಚಳ ತಿರುವಿ ನೋಡಿದೆ. ಖಾಲಿಯಾಗಿತ್ತು.